ಆಂಟೋನಿಯೊ ಮೊಸ್ಕೇನಿ

ಆಂಟೋನಿಯೊ ಮೊಸ್ಕೇನಿ (ಜನವರಿ 17, 1854 – ನವೆಂಬರ್ 15, 1905) ಇಟಲಿಯ ಭಿತ್ತಿಚಿತ್ರಕಾರರು ಮತ್ತು ಕ್ಯಾಥೋಲಿಕ್ ಧರ್ಮಸಭೆಯ ಯೇಸು ಸಭೆಗೆ (ಜೆಸ್ವಿಟ್ ಸಂಘ) ಸೇರಿದ ಸಹೋದರರು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆ ಹಾಗೂ ಮೇಲ್ಛಾವಣಿಗಳಲ್ಲಿ ರಚಿಸಿದ ಚಿತ್ರಗಳಿಂದ ಅವರು ಪ್ರಸಿದ್ಧರಾಗಿದ್ದಾರೆ. ಕ್ರಿಸ್ತನ ಜೀವನ, ಪ್ರೇಷಿತರು, ಸಂತರು ಹಾಗೂ ಯುವ ಸಂತ ಅಲೋಶಿಯಸ್ ಗೊನ್ಜಾಗನ ಬದುಕು ಈ ಚಿತ್ರಗಳ ವಸ್ತು. ಕ್ಯಾಥೋಲಿಕ್ ಭಕ್ತಿಯಲ್ಲಿ ಚಿತ್ರ, ಪ್ರತಿಮೆ ಮತ್ತು ಸಂಕೇತಗಳು ವಹಿಸುವ ಪಾತ್ರವನ್ನು ತಿಳಿಯಲು ಕರ್ನಾಟಕದಲ್ಲಿ ದೊರೆಯುವ ಪ್ರಮುಖ ನಿದರ್ಶನಗಳಲ್ಲಿ ಈ ಪ್ರಾರ್ಥನಾಲಯವೂ ಒಂದು. ಕೊಚ್ಚಿಯ ಸಾಂತಾ ಕ್ರೂಜ್ ಪ್ರಧಾನಾಲಯದ ಚಿತ್ರಗಳು ಮೊಸ್ಕೇನಿಯವರ ಕೊನೆಯ ಕೃತಿಗಳಾಗಿವೆ.

ಬಾಲ್ಯ ಮತ್ತು ಶಿಕ್ಷಣ

ಮೊಸ್ಕೇನಿಯವರು ಉತ್ತರ ಇಟಲಿಯ ಬೆರ್ಗಾಮೊ ನಗರಕ್ಕೆ ಸಮೀಪದ ಸ್ತೆತ್ಸಾನೊ ಎಂಬ ಊರಿನಲ್ಲಿ ಜನಿಸಿದರು. ಚಿತ್ರಕಲೆಯಲ್ಲಿ ಅವರಿಗಿದ್ದ ಒಲವು ಬೆರ್ಗಾಮೊದ ಕರಾರಾ ಅಕಾಡೆಮಿಯಲ್ಲಿ ಶಿಕ್ಷಣ ಪಡೆಯಲು ದಾರಿಯಾಯಿತು. ಜಾಕೊಮೊ ಕರಾರಾ ಎಂಬ ಕಲಾಪೋಷಕನ ಸಂಗ್ರಹದಿಂದ 18ನೆಯ ಶತಮಾನದ ಕೊನೆಯಲ್ಲಿ ರೂಪುಗೊಂಡ ಈ ಸಂಸ್ಥೆಯಲ್ಲಿ ಚಿತ್ರಶಾಲೆ ಮತ್ತು ಕಲಾಶಾಲೆ ಎರಡೂ ಇದ್ದವು. ಅಲ್ಲಿ ಅವರ ಗುರುಗಳಾಗಿದ್ದವರು ಎನ್ರಿಕೊ ಸ್ಕೂರಿ. ಮಾನವಾಕೃತಿಯ ನಿಖರ ರೇಖೆ, ಗುಂಪುಗಳ ಜೋಡಣೆ ಮತ್ತು ದೊಡ್ಡ ಗೋಡೆಗಳ ಮೇಲೆ ಕಥನವನ್ನು ಹರಡುವ ವಿಧಾನ ಆ ಕಾಲದ ಇಟಲಿಯ ಅಕಾಡೆಮಿಗಳ ಶಿಕ್ಷಣದಲ್ಲಿ ಮುಖ್ಯವಾಗಿದ್ದವು.

ಮುಂದೆ ಮೊಸ್ಕೇನಿಯವರು ರೋಮ್ ನಗರಕ್ಕೆ ತೆರಳಿ ವ್ಯಾಟಿಕನ್ನಿನಲ್ಲಿರುವ ಮಹಾಕೃತಿಗಳನ್ನು ಅಭ್ಯಾಸ ಮಾಡಿದರು. ಮೈಕೆಲೆಂಜೆಲೊ 1508ರಿಂದ 1512ರ ಅವಧಿಯಲ್ಲಿ ಚಿತ್ರಿಸಿದ ಸಿಸ್ಟೀನ್ ಪ್ರಾರ್ಥನಾಲಯದ ಮೇಲ್ಛಾವಣಿ ಮತ್ತು ರಾಫೆಲ್ ಚಿತ್ರಿಸಿದ ಕೊಠಡಿಗಳು ಅಲ್ಲಿವೆ. ಬೆರ್ಗಾಮೊಗೆ ಹಿಂದಿರುಗಿದ ಮೇಲೆ ಅವರು ಆ ಪ್ರದೇಶದ ಚರ್ಚುಗಳಲ್ಲಿ ಭಿತ್ತಿಚಿತ್ರಗಳನ್ನು ರಚಿಸಿ ಹೆಸರು ಗಳಿಸಿದರು.

ಯೇಸು ಸಭೆಗೆ ಪ್ರವೇಶ

ವೃತ್ತಿಯಲ್ಲಿ ನೆಲೆ ಕಂಡುಕೊಂಡಿದ್ದ ಮೊಸ್ಕೇನಿಯವರು 1889ರಲ್ಲಿ, ತಮ್ಮ 35ನೆಯ ವಯಸ್ಸಿನಲ್ಲಿ, ಯೇಸು ಸಭೆಯನ್ನು ಸೇರಿದರು. ಸ್ಪೇನಿನ ಇಗ್ನೇಷಿಯಸ್ ಲೊಯೋಲಾ ಸ್ಥಾಪಿಸಿದ ಈ ಸಂಘಕ್ಕೆ ಪೋಪರ ಅಂಗೀಕಾರ ದೊರೆತದ್ದು 1540ರಲ್ಲಿ. ಇದರಲ್ಲಿ ಗುರುದೀಕ್ಷೆ ಪಡೆದ ಪಾದ್ರಿಗಳಲ್ಲದೆ, ಗುರುದೀಕ್ಷೆ ಪಡೆಯದೆ ಬಡತನ, ಬ್ರಹ್ಮಚರ್ಯ ಮತ್ತು ವಿಧೇಯತೆಯ ವ್ರತಗಳನ್ನು ಸ್ವೀಕರಿಸುವ ಸಹೋದರರೂ ಇರುತ್ತಾರೆ. ಅಡುಗೆ, ಮರಗೆಲಸ, ಮುದ್ರಣ, ಕಟ್ಟಡ ನಿರ್ಮಾಣ ಮುಂತಾದ ಕೆಲಸಗಳನ್ನು ಈ ಸಹೋದರರು ನಿರ್ವಹಿಸುತ್ತಿದ್ದರು. ಕೆಲವು ಬರಹಗಳು ಮೊಸ್ಕೇನಿಯವರನ್ನು ಫಾದರ್ ಎಂದು ಕರೆಯುತ್ತವೆಯಾದರೂ ಅವರು ಪಾದ್ರಿಯಾಗಿರಲಿಲ್ಲ. ಸಹೋದರರಾಗಿಯೇ ಸೇರಿ ಸಹೋದರರಾಗಿಯೇ ಉಳಿದರು.

ವ್ರತಸ್ಥರಾದ ಬಳಿಕ ಅವರ ಕೃತಿಗಳಿಂದ ಬರುವ ಸಂಭಾವನೆಯಾಗಲಿ, ಎಲ್ಲಿ ಏನನ್ನು ಚಿತ್ರಿಸಬೇಕೆಂಬ ಆಯ್ಕೆಯಾಗಲಿ ಅವರ ಕೈಯಲ್ಲಿರಲಿಲ್ಲ. ಆದರೆ ಅವರ ಕುಂಚಕ್ಕೆ ವಿರಾಮ ದೊರೆಯಲಿಲ್ಲ. ನವಶಿಷ್ಯತ್ವದ ನಂತರ ಸಂಘವು ಅವರನ್ನು ಚರ್ಚುಗಳನ್ನು ಚಿತ್ರಿಸುವ ಕೆಲಸಕ್ಕೇ ನಿಯೋಜಿಸಿತು. ಈ ಬಗೆಯ ಬದುಕಿಗೆ ಸಂಘದಲ್ಲಿ ಮೊದಲೇ ಮಾದರಿಯೊಂದಿತ್ತು. ರೋಮ್ ನಗರದ ಸಂತ ಇಗ್ನೇಷಿಯಸ್ ದೇವಾಲಯದ ಮೇಲ್ಛಾವಣಿಯನ್ನು 17ನೆಯ ಶತಮಾನದ ಕೊನೆಯಲ್ಲಿ ಚಿತ್ರಿಸಿದ ಆಂದ್ರೆಯಾ ಪೊತ್ಸೊ (1642–1709) ಅವರೂ ಯೇಸು ಸಭೆಯ ಸಹೋದರರೇ ಆಗಿದ್ದರು.

ಮಂಗಳೂರಿನ ಹಿನ್ನೆಲೆ

ಕರಾವಳಿ ಕರ್ನಾಟಕದ ಕ್ಯಾಥೋಲಿಕರಲ್ಲಿ ಬಹುಪಾಲು ಜನ ಗೋವೆಯಿಂದ ವಲಸೆ ಬಂದ ಕೊಂಕಣಿ ಭಾಷಿಕರ ವಂಶಸ್ಥರು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಈ ಸಮುದಾಯದವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಅವರ ಚರ್ಚುಗಳು ನಾಶವಾದವು. 1799ರ ನಂತರ ಬದುಕುಳಿದವರು ಹಿಂದಿರುಗಿ ಚರ್ಚುಗಳನ್ನು ಮತ್ತೆ ಕಟ್ಟಿಕೊಂಡರು. ಹೀಗಾಗಿ 19ನೆಯ ಶತಮಾನದ ಮಂಗಳೂರಿನಲ್ಲಿ ಚರ್ಚನ್ನು ಕಟ್ಟುವುದು ಮತ್ತು ಅಲಂಕರಿಸುವುದು ಸಮುದಾಯದ ಪುನಃಸ್ಥಾಪನೆಯ ಭಾಗವೂ ಆಗಿತ್ತು.

ಅದೇ ನಗರದಲ್ಲಿ 1834ರಲ್ಲಿ ಬಾಸೆಲ್ ಮಿಷನ್ ತನ್ನ ಕೆಲಸವನ್ನು ಆರಂಭಿಸಿತ್ತು. ಈ ಪ್ರಾಟೆಸ್ಟಂಟ್ ಮಿಷನ್ ತನ್ನ ಮುದ್ರಣಾಲಯದ ಮೂಲಕ ಕನ್ನಡ ಓದುಗರನ್ನು ತಲುಪಿತು. ಅದರ ಪ್ರಾರ್ಥನಾ ಮಂದಿರಗಳಲ್ಲಿ ಸಂತರ ಪ್ರತಿಮೆಗಳಿಗೆ ಸ್ಥಾನವಿರಲಿಲ್ಲ. ಒಂದೇ ಊರಿನ ಎರಡು ಕ್ರೈಸ್ತ ಪರಂಪರೆಗಳ ನಡುವೆ ಸಾಮಾನ್ಯ ಜನರ ಕಣ್ಣಿಗೆ ಮೊದಲು ಬೀಳುತ್ತಿದ್ದ ವ್ಯತ್ಯಾಸ ಇದೇ ಆಗಿತ್ತು.

ಪೋಪ್ 13ನೆಯ ಲಿಯೊ ಅವರು ಮಂಗಳೂರು ಧರ್ಮಕ್ಷೇತ್ರದ ಹೊಣೆಯನ್ನು ಇಟಲಿಯ ವೆನಿಸ್ ಪ್ರಾಂತದ ಜೆಸ್ವಿಟರಿಗೆ ವಹಿಸಿದರು. ಅವರ ಮೊದಲ ತಂಡ 1878ರ ಡಿಸೆಂಬರ್ 31ರಂದು ಮಂಗಳೂರನ್ನು ತಲುಪಿತು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. 1882ರಲ್ಲಿ ಕೊಡಿಯಾಲಬೈಲ್ ಮುದ್ರಣಾಲಯ ಸ್ಥಾಪನೆಯಾಯಿತು. ಬಾವುಟಗುಡ್ಡೆಯ ಮೇಲೆ ಕಾಲೇಜಿನ ಪ್ರಾರ್ಥನಾಲಯವು 1880ರ ದಶಕದಲ್ಲಿ ನಿರ್ಮಾಣವಾಯಿತು. ಕಟ್ಟಡ ಪೂರ್ಣಗೊಂಡ ಮೇಲೂ ಹಲವು ವರ್ಷ ಅದರ ಗೋಡೆಗಳು ಚಿತ್ರಗಳಿಲ್ಲದೆ ಇದ್ದವು. ಈ ಗೋಡೆಗಳನ್ನು ತುಂಬುವ ಕೆಲಸಕ್ಕಾಗಿ ಮೊಸ್ಕೇನಿಯವರನ್ನು ಇಟಲಿಯಿಂದ ಕರೆಸಲಾಯಿತು.

ಸಂತ ಅಲೋಶಿಯಸ್ ಪ್ರಾರ್ಥನಾಲಯ

ಮೊಸ್ಕೇನಿಯವರು 1899ರಲ್ಲಿ ಪ್ರಾರ್ಥನಾಲಯದ ಚಿತ್ರಗಳನ್ನು ಆರಂಭಿಸಿ ಸುಮಾರು ಎರಡೂವರೆ ವರ್ಷಗಳಲ್ಲಿ ಮುಗಿಸಿದರು. ಚಿತ್ರಿತ ಭಾಗದ ಒಟ್ಟು ವಿಸ್ತೀರ್ಣ ಸುಮಾರು 800 ಚದರ ಮೀಟರ್. ಗೋಡೆಯ ಮೇಲಿನ ಫ್ರೆಸ್ಕೊ ಮತ್ತು ಕ್ಯಾನ್ವಾಸಿನ ಮೇಲಿನ ತೈಲವರ್ಣ ಎಂಬ ಎರಡು ವಿಧಾನಗಳನ್ನೂ ಅವರು ಬಳಸಿದ್ದಾರೆ.

ಫ್ರೆಸ್ಕೊ ವಿಧಾನದಲ್ಲಿ ಗೋಡೆಗೆ ಸುಣ್ಣದ ಗಾರೆಯನ್ನು ಬಳಿದು, ಅದು ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಲಾಗುತ್ತದೆ. ಗಾರೆ ಆರುವಾಗ ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ಗಟ್ಟಿಯಾಗಿ, ಬಣ್ಣದ ಕಣಗಳನ್ನು ತನ್ನೊಳಗೆ ಹಿಡಿದಿಡುತ್ತದೆ. ಆದ್ದರಿಂದ ಒಂದು ದಿನದಲ್ಲಿ ಚಿತ್ರಿಸಲು ಸಾಧ್ಯವಾಗುವಷ್ಟು ಭಾಗಕ್ಕೆ ಮಾತ್ರ ಗಾರೆ ಬಳಿಯಬೇಕಾಗುತ್ತದೆ. ಒಮ್ಮೆ ಆರಿದ ಮೇಲೆ ತಪ್ಪನ್ನು ತಿದ್ದುವುದು ಕಷ್ಟ. ಗಾರೆಯನ್ನು ಕೆತ್ತಿ ತೆಗೆದು ಆ ಭಾಗವನ್ನು ಮತ್ತೆ ಆರಂಭಿಸಬೇಕಾಗುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಕಡಲ ತೇವವಿರುವ ಮಂಗಳೂರಿನಲ್ಲಿ ಗಾರೆ ಆರುವ ವೇಗವು ಇಟಲಿಯಲ್ಲಿದ್ದಂತೆ ಇರುವುದಿಲ್ಲ.

ಪ್ರಾರ್ಥನಾಲಯದ ಚಿತ್ರಗಳ ಕೇಂದ್ರ ವಸ್ತು ಸಂತ ಅಲೋಶಿಯಸ್ ಗೊನ್ಜಾಗನ ಜೀವನ. ಅಲೋಶಿಯಸ್ 1568ರಲ್ಲಿ ಇಟಲಿಯ ಕಾಸ್ತಿಲ್ಯೋನೆಯ ಅರಸು ಮನೆತನದಲ್ಲಿ ಹಿರಿಯ ಮಗನಾಗಿ ಹುಟ್ಟಿದವನು. ಮ್ಯಾಡ್ರಿಡ್ ನಗರದ ಜೆಸ್ವಿಟ್ ದೇವಾಲಯದಲ್ಲಿ ಮರಿಯಮ್ಮನವರ ಪ್ರತಿಮೆಯ ಮುಂದೆ ಪ್ರಾರ್ಥಿಸುತ್ತಿದ್ದಾಗ ಯೇಸು ಸಭೆಯನ್ನು ಸೇರುವ ನಿರ್ಧಾರ ಆತನಲ್ಲಿ ಗಟ್ಟಿಯಾಯಿತೆಂದು ಅವನ ಜೀವನಚರಿತ್ರೆಗಳು ತಿಳಿಸುತ್ತವೆ. ತಂದೆಯ ವಿರೋಧವನ್ನು ಮೀರಿ, ಉತ್ತರಾಧಿಕಾರವನ್ನು ತಮ್ಮನಿಗೆ ಬಿಟ್ಟುಕೊಟ್ಟು ಸಂಘವನ್ನು ಸೇರಿದ ಅಲೋಶಿಯಸ್, ರೋಮ್ ನಗರದಲ್ಲಿ ಪ್ಲೇಗ್ ಹರಡಿದಾಗ ರೋಗಿಗಳ ಸೇವೆಗೆ ನಿಂತು ಸೋಂಕಿಗೆ ಒಳಗಾಗಿ 1591ರ ಜೂನ್ 21ರಂದು, 23ನೆಯ ವಯಸ್ಸಿನಲ್ಲಿ ಮರಣ ಹೊಂದಿದನು. ಧರ್ಮಸಭೆಯು 1726ರಲ್ಲಿ ಅವನನ್ನು ಸಂತನೆಂದು ಘೋಷಿಸಿ, ಅನಂತರ ಯುವಜನರ ಪಾಲಕ ಸಂತನನ್ನಾಗಿ ಗುರುತಿಸಿತು.

ಈ ಬದುಕಿನ ಪ್ರಸಂಗಗಳನ್ನು ಮೊಸ್ಕೇನಿಯವರು ಮೇಲ್ಛಾವಣಿಯಲ್ಲಿ ಚಿತ್ರಿಸಿದ್ದಾರೆ. ಅವುಗಳಲ್ಲಿ ಪ್ಲೇಗ್ ಪೀಡಿತರ ಸೇವೆಯಲ್ಲಿರುವ ಅಲೋಶಿಯಸ್‌ನ ಚಿತ್ರ ಹೆಚ್ಚು ಗಮನ ಸೆಳೆದಿದೆ. ಉಳಿದ ಭಾಗಗಳಲ್ಲಿ ಪ್ರೇಷಿತರು, ಧರ್ಮಸಭೆಯ ಸಂತರು ಮತ್ತು ದೇವದೂತರ ಆಕೃತಿಗಳಿವೆ. ಹೂಮಾಲೆಗಳ ಅಲಂಕಾರವು ಇವುಗಳನ್ನು ಒಂದಕ್ಕೊಂದು ಜೋಡಿಸುತ್ತದೆ. ಕ್ರಿಸ್ತನ ಜೀವನಕ್ಕೆ ಸಂಬಂಧಿಸಿದ ಚಿತ್ರಗಳಲ್ಲಿ ಬೆತ್ಲೆಹೇಮಿನ ಜನನ, ಯೊರ್ದಾನ್ ನದಿಯಲ್ಲಿ ಸ್ನಾನದೀಕ್ಷೆ, ಕಾನಾ ಊರಿನ ಮದುವೆ, ಮಕ್ಕಳ ಮಿತ್ರನಾದ ಯೇಸು ಹಾಗೂ ಶಿಲುಬೆಯ ಮರಣ ಸೇರಿವೆ.

ವಿಷಯಗಳ ಆಯ್ಕೆ ಪ್ರಾರ್ಥನಾಲಯದ ಬಳಕೆಗೆ ಹೊಂದುವಂತಿದೆ. ಇದು ವಿದ್ಯಾಸಂಸ್ಥೆಯೊಂದರ ಪ್ರಾರ್ಥನಾಲಯವಾದುದರಿಂದ ಇಲ್ಲಿ ದಿನವೂ ಕುಳಿತುಕೊಳ್ಳುತ್ತಿದ್ದವರು ಹುಡುಗರು. ತಮಗಿಂತ ಕೆಲವೇ ವರ್ಷ ದೊಡ್ಡವನಾಗಿದ್ದ ಯುವಕನೊಬ್ಬ ಅಧಿಕಾರವನ್ನು ತೊರೆದು ರೋಗಿಗಳ ನಡುವೆ ಸಾವನ್ನಪ್ಪಿದ ಕಥೆಯು ಅವರ ತಲೆಯ ಮೇಲಿನ ಛಾವಣಿಯಲ್ಲಿತ್ತು. ಪ್ಲೇಗಿನ ಚಿತ್ರವು ಆ ವಿದ್ಯಾರ್ಥಿಗಳಿಗೆ ಕೇವಲ ದೂರದ ಇತಿಹಾಸವಾಗಿರಲಿಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್ ಆ ವರ್ಷಗಳಲ್ಲಿ ಭಾರತದ ಅನೇಕ ನಗರಗಳಿಗೆ ಹರಡಿತ್ತು.

ಸಂಕೇತಗಳ ಭಾಷೆ

ಕ್ಯಾಥೋಲಿಕ್ ಚಿತ್ರಕಲೆಯಲ್ಲಿ ಸಂತರನ್ನು ಮುಖಲಕ್ಷಣದಿಂದಲ್ಲ, ಅವರ ಕೈಯಲ್ಲಿ ಅಥವಾ ಬಳಿಯಲ್ಲಿ ಇರುವ ವಸ್ತುಗಳಿಂದ ಗುರುತಿಸುವ ರೂಢಿಯಿದೆ. ಬೀಗದ ಕೈಗಳು ಪೇತ್ರನನ್ನು, ಖಡ್ಗವು ಪೌಲನನ್ನು, ಓರೆಯಾದ ಶಿಲುಬೆಯು ಅಂದ್ರೆಯನನ್ನು, ಕಬ್ಬಿಣದ ಜಾಲರಿಯು ಲಾರೆನ್ಸನನ್ನು ಸೂಚಿಸುತ್ತವೆ. ಇವುಗಳಲ್ಲಿ ಹಲವು ಆ ಸಂತರು ಮರಣ ಹೊಂದಿದ ಬಗೆಯನ್ನು ನೆನಪಿಸುವ ಉಪಕರಣಗಳು. ಖರ್ಜೂರದ ಗರಿ ರಕ್ತಸಾಕ್ಷಿಗಳ ಗುರುತು. ಬಿಳಿ ಲಿಲ್ಲಿ ಹೂವು ಪರಿಶುದ್ಧತೆಯ ಗುರುತು. ಅಲೋಶಿಯಸ್‌ನನ್ನು ಸಾಮಾನ್ಯವಾಗಿ ಲಿಲ್ಲಿ ಹೂವು, ಶಿಲುಬೆ ಮತ್ತು ಪಕ್ಕಕ್ಕೆ ಸರಿಸಿದ ಕಿರೀಟದೊಂದಿಗೆ ಚಿತ್ರಿಸಲಾಗುತ್ತದೆ. ಇವುಗಳಲ್ಲಿ ಕಿರೀಟವು ಅವನು ತೊರೆದ ಅರಸೊತ್ತಿಗೆಯ ಸಂಕೇತ.

ಓದುಬರಹ ತಿಳಿಯದವರೂ ಇಂತಹ ಗುರುತುಗಳ ಮೂಲಕ ಕಥೆಯನ್ನು ತಿಳಿಯಬಲ್ಲರು. ಚಿತ್ರಗಳು ಅಕ್ಷರ ಬಾರದವರಿಗೆ ಗ್ರಂಥದ ಕೆಲಸವನ್ನು ಮಾಡುತ್ತವೆ ಎಂಬ ವಾದವನ್ನು ಕ್ರಿ.ಶ. 600ರ ಸುಮಾರಿನಲ್ಲಿ ಪೋಪ್ ಗ್ರೆಗೊರಿ ಅವರು ಮಾರ್ಸೆಯ ಬಿಷಪರಿಗೆ ಬರೆದ ಪತ್ರದಲ್ಲಿ ಮಂಡಿಸಿದ್ದರು. ಆ ಬಿಷಪರು ಜನರು ಚಿತ್ರಗಳನ್ನೇ ಆರಾಧಿಸುತ್ತಿದ್ದಾರೆಂದು ಅವುಗಳನ್ನು ಒಡೆಸಿದ್ದರು. ಆರಾಧನೆಯನ್ನು ತಡೆದದ್ದು ಸರಿ, ಚಿತ್ರಗಳನ್ನು ನಾಶಮಾಡಿದ್ದು ತಪ್ಪು ಎಂಬುದು ಗ್ರೆಗೊರಿಯವರ ನಿಲುವಾಗಿತ್ತು.

ಧರ್ಮಸಭೆಯ ಬೋಧನೆ

ಮೊಸ್ಕೇನಿಯವರ ಕೃತಿಗಳ ಹಿಂದೆ ಈ ವಿಷಯದಲ್ಲಿ ಧರ್ಮಸಭೆಯು ತಳೆದ ಸ್ಪಷ್ಟ ನಿಲುವಿದೆ. 8ನೆಯ ಶತಮಾನದಲ್ಲಿ ಬೈಜಾಂಟಿಯಮ್ ಸಾಮ್ರಾಜ್ಯದಲ್ಲಿ ಪವಿತ್ರ ಚಿತ್ರಗಳನ್ನು ನಾಶಪಡಿಸುವ ಚಳವಳಿ ನಡೆದಾಗ, 787ರಲ್ಲಿ ಸೇರಿದ ಎರಡನೆಯ ನೈಸಿಯಾ ಮಹಾಸಭೆಯು ಚಿತ್ರಗಳಿಗೆ ಗೌರವ ಸಲ್ಲಿಸುವುದನ್ನು ಸಮರ್ಥಿಸಿತು. ಚಿತ್ರಕ್ಕೆ ಸಲ್ಲಿಸುವ ಗೌರವವು ಚಿತ್ರದಲ್ಲಿರುವ ವ್ಯಕ್ತಿಗೆ ಸಲ್ಲುತ್ತದೆಯೇ ಹೊರತು ಮರಕ್ಕಾಗಲಿ ಬಣ್ಣಕ್ಕಾಗಲಿ ಅಲ್ಲ, ಮತ್ತು ಆರಾಧನೆಯು ದೇವರಿಗೆ ಮಾತ್ರ ಮೀಸಲು ಎಂಬುದು ಅದರ ತೀರ್ಮಾನದ ಸಾರ. 16ನೆಯ ಶತಮಾನದಲ್ಲಿ ಪ್ರಾಟೆಸ್ಟಂಟ್ ಸುಧಾರಕರಲ್ಲಿ ಹಲವರು ಪ್ರತಿಮೆಗಳನ್ನು ವಿಗ್ರಹಾರಾಧನೆಯೆಂದು ತಿರಸ್ಕರಿಸಿದಾಗ, ಟ್ರೆಂಟ್ ಮಹಾಸಭೆಯು 1563ರ ಡಿಸೆಂಬರಿನಲ್ಲಿ ಇದೇ ಬೋಧನೆಯನ್ನು ಪುನರುಚ್ಚರಿಸಿತು. ಪ್ರತಿಮೆಯೊಳಗೆ ದೈವಶಕ್ತಿ ನೆಲೆಸಿದೆಯೆಂದು ಭಾವಿಸಿ ಅದರಿಂದ ವರ ಬೇಡಬಾರದು, ಅದರಲ್ಲಿ ಭರವಸೆ ಇಡಬಾರದು ಎಂಬ ಎಚ್ಚರಿಕೆಯನ್ನೂ ಅದು ನೀಡಿತು.

ಜೆಸ್ವಿಟರಿಗೆ ಚಿತ್ರಗಳು ಇನ್ನೊಂದು ಕಾರಣಕ್ಕೂ ಮುಖ್ಯವಾಗಿದ್ದವು. ಇಗ್ನೇಷಿಯಸ್ ಲೊಯೋಲಾ ಅವರ ಆಧ್ಯಾತ್ಮಿಕ ಸಾಧನೆಯಲ್ಲಿ, ಧ್ಯಾನ ಮಾಡುವವರು ಸುವಾರ್ತೆಯ ಪ್ರಸಂಗವನ್ನು ಮನಸ್ಸಿನಲ್ಲಿ ಚಿತ್ರಿಸಿಕೊಂಡು, ಸ್ಥಳವನ್ನು ನೋಡಿ, ಅಲ್ಲಿನ ಮಾತುಗಳನ್ನು ಕೇಳಿ, ತಾವೂ ಅಲ್ಲಿರುವಂತೆ ಭಾವಿಸಬೇಕು. ಗೋಡೆಯ ಮೇಲಿನ ಚಿತ್ರವು ಇಂತಹ ಧ್ಯಾನಕ್ಕೆ ನೆರವಾಗುತ್ತದೆ.

ಮಂಗಳೂರಿನ ಕ್ಯಾಥೋಲಿಕರ ಮನೆಗಳಲ್ಲಿ ಈ ಭಕ್ತಿಯ ಸರಳ ರೂಪವನ್ನು ಕಾಣಬಹುದು. ಮನೆಯ ಮುಖ್ಯ ಕೋಣೆಯಲ್ಲಿ ಶಿಲುಬೆ, ಯೇಸುವಿನ ಪವಿತ್ರ ಹೃದಯದ ಚಿತ್ರ ಮತ್ತು ಮರಿಯಮ್ಮನವರ ಪ್ರತಿಮೆಗಳಿರುವ ಪೀಠವನ್ನು ಕೊಂಕಣಿಯಲ್ಲಿ ಆಲ್ತಾರ್ ಎನ್ನುತ್ತಾರೆ. ಸಂಜೆ ಮನೆಯವರೆಲ್ಲ ಅದರ ಮುಂದೆ ಸೇರಿ ಜಪಮಾಲೆಯ ಪ್ರಾರ್ಥನೆ ಸಲ್ಲಿಸುವ ಪದ್ಧತಿಯಿದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬಾಲ ಮರಿಯಮ್ಮನ ಪ್ರತಿಮೆಗೆ ಹೂಗಳನ್ನು ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚಲಾಗುತ್ತದೆ. ಮೊಸ್ಕೇನಿಯವರ ಚಿತ್ರಗಳನ್ನು ಮೊದಲು ನೋಡಿದವರಲ್ಲಿ ಅನೇಕರು ಹೀಗೆ ಮನೆಯಲ್ಲೇ ಪ್ರತಿಮೆ ಮತ್ತು ಚಿತ್ರಗಳ ಮುಂದೆ ಪ್ರಾರ್ಥಿಸುವ ರೂಢಿಯುಳ್ಳವರಾಗಿದ್ದರು.

ಇತರ ಕೃತಿಗಳು ಮತ್ತು ನಿಧನ

ಪ್ರಾರ್ಥನಾಲಯದ ಕೆಲಸ ಮುಗಿದ ಬಳಿಕವೂ ಮೊಸ್ಕೇನಿಯವರು ಭಾರತದಲ್ಲೇ ಉಳಿದರು. ಮಂಗಳೂರಿನ ಜೆಪ್ಪುವಿನಲ್ಲಿರುವ ಸಂತ ಜೋಸೆಫ್ ಗುರುಮಠದ ದೇವಾಲಯದಲ್ಲಿಯೂ ಮುಂಬಯಿಯ ಹೋಲಿ ನೇಮ್ ದೇವಾಲಯದಲ್ಲಿಯೂ ಅವರು ಚಿತ್ರಗಳನ್ನು ರಚಿಸಿದರು.

ಅವರ ಕೊನೆಯ ಕೆಲಸ ಫೋರ್ಟ್ ಕೊಚ್ಚಿಯ ಸಾಂತಾ ಕ್ರೂಜ್ ಪ್ರಧಾನಾಲಯದಲ್ಲಿ ನಡೆಯಿತು. ಪೋರ್ಚುಗೀಸರ ಕಾಲದ ಹಳೆಯ ದೇವಾಲಯವನ್ನು ಬ್ರಿಟಿಷರು ಕೆಡವಿದ ಬಹುಕಾಲದ ನಂತರ ಅಲ್ಲಿ ಹೊಸ ಕಟ್ಟಡ ಮೇಲೆದ್ದಿತ್ತು. ಅದರ ಒಳಾಂಗಣವನ್ನು ಮೊಸ್ಕೇನಿಯವರು ಮಂಗಳೂರಿನ ತಮ್ಮ ಶಿಷ್ಯ ದ ಗಾಮಾ ಅವರ ನೆರವಿನಿಂದ ಚಿತ್ರಿಸಿದರು. ಮೇಲ್ಛಾವಣಿಯಲ್ಲಿ ಶಿಲುಬೆಯ ಹಾದಿಯ ದೃಶ್ಯಗಳಿವೆ. ಕ್ರಿಸ್ತನ ಯಾತನೆ ಮತ್ತು ಮರಣವನ್ನು ಕುರಿತ ಏಳು ದೊಡ್ಡ ಕ್ಯಾನ್ವಾಸ್ ಚಿತ್ರಗಳೂ ಇವೆ. ಇವುಗಳಲ್ಲಿ ಕಡೆಯ ಭೋಜನದ ಚಿತ್ರವು ಲಿಯೊನಾರ್ಡೊ ದ ವಿಂಚಿಯ ಪ್ರಸಿದ್ಧ ಕೃತಿಯ ಮಾದರಿಯಲ್ಲಿದೆ.

ಪ್ರಧಾನಾಲಯದ ಪ್ರತಿಷ್ಠಾಪನೆ 1905ರ ನವೆಂಬರ್ 19ರಂದು ನೆರವೇರಿತು. ಅದಕ್ಕೆ ನಾಲ್ಕು ದಿನ ಮುಂಚೆ, ನವೆಂಬರ್ 15ರಂದು, ಮೊಸ್ಕೇನಿಯವರು ಕೊಚ್ಚಿಯಲ್ಲಿ ನಿಧನರಾದರು. ಅವರಿಗೆ ಆಗ 51 ವರ್ಷ ವಯಸ್ಸಾಗಿತ್ತು. ತಾವು ಚಿತ್ರಿಸಿದ ದೇವಾಲಯದಲ್ಲಿ ನಡೆದ ಪ್ರತಿಷ್ಠಾಪನೆಯ ಬಲಿಪೂಜೆಯನ್ನು ಅವರು ಕಾಣಲಿಲ್ಲ. 1984ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಈ ದೇವಾಲಯಕ್ಕೆ ಬೆಸಿಲಿಕಾ ಪದವಿಯನ್ನು ನೀಡಿದರು.

ಶೈಲಿ ಮತ್ತು ನಂತರದ ಚರ್ಚೆ

ಮೊಸ್ಕೇನಿಯವರ ಶೈಲಿ ಸಂಪೂರ್ಣವಾಗಿ ಯುರೋಪಿನದು. ಆಕೃತಿಗಳ ಮೈಬಣ್ಣ, ಉಡುಪು, ಕಟ್ಟಡ, ನಿಸರ್ಗ ಎಲ್ಲವೂ ಇಟಲಿಯ ಅಕಾಡೆಮಿಗಳ ಪರಂಪರೆಗೆ ಸೇರಿವೆ. ಜನಪ್ರಿಯ ಬರಹಗಳಲ್ಲಿ ಈ ಪ್ರಾರ್ಥನಾಲಯವನ್ನು ಸಿಸ್ಟೀನ್ ಪ್ರಾರ್ಥನಾಲಯಕ್ಕೆ ಹೋಲಿಸುವುದುಂಟು. ಎರಡೂ ಕಡೆ ಒಳಭಾಗವೆಲ್ಲ ಚಿತ್ರಗಳಿಂದ ತುಂಬಿರುವುದರಿಂದ ಈ ಹೋಲಿಕೆ ಬಂದಿದೆ. ಕಾಲ ಮತ್ತು ಶೈಲಿಗಳಲ್ಲಿ ಅವು ಬೇರೆಬೇರೆ.

ಭಾರತದ ಕ್ರೈಸ್ತರಿಗೆ ಇಟಲಿಯ ಮುಖಗಳೇ ಏಕೆ ಎಂಬ ಪ್ರಶ್ನೆ 20ನೆಯ ಶತಮಾನದಲ್ಲಿ ಬಲವಾಗಿ ಕೇಳಿಬಂತು. ಗೋವೆಯ ಚಿತ್ರಕಾರ ಆಂಜೆಲೊ ದ ಫೊನ್ಸೆಕಾ (1902–1967) ಮರಿಯಮ್ಮನವರನ್ನು ಸೀರೆಯುಟ್ಟ ಭಾರತೀಯ ತಾಯಿಯಾಗಿ ಚಿತ್ರಿಸಿದರು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಅಂಗೀಕರಿಸಿದ ಪೂಜಾವಿಧಿಯ ಸಂವಿಧಾನವು ಎಲ್ಲ ಜನಾಂಗ ಮತ್ತು ಪ್ರದೇಶಗಳ ಕಲೆಗೆ ಧರ್ಮಸಭೆಯಲ್ಲಿ ಸ್ಥಾನವಿದೆಯೆಂದು ಒಪ್ಪಿಕೊಂಡಿತು. ದೇವಾಲಯಗಳಲ್ಲಿ ಪ್ರತಿಮೆಗಳನ್ನು ಇಡುವ ಪದ್ಧತಿಯನ್ನು ಉಳಿಸಿಕೊಂಡು, ಅವುಗಳ ಸಂಖ್ಯೆ ಮಿತವಾಗಿರಲಿ ಎಂದು ಸೂಚಿಸಿತು.

ಕರ್ನಾಟಕದ ಉತ್ತರ ಭಾಗದಲ್ಲಿ ಈ ಚಿಂತನೆ ಬೇರೊಂದು ರೂಪ ತಾಳಿತು. ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿ ಜೆಸ್ವಿಟರು ವಿರಕ್ತ ಮಠದ ಮಾದರಿಯಲ್ಲಿ ನೆಲೆಸಿ, ಕಾವಿ ವಸ್ತ್ರ ಮೊದಲಾದ ಸ್ಥಳೀಯ ಸಂಕೇತಗಳನ್ನು ಅಳವಡಿಸಿಕೊಂಡರು. ಲಿಂಗಾಯತ ಪರಂಪರೆ ಬೇರೂರಿರುವ ನಾಡಿನಲ್ಲಿ ಕೈಗೊಂಡ ಈ ಕ್ರಮಕ್ಕೆ ಮೆಚ್ಚುಗೆಯೂ ಆಕ್ಷೇಪವೂ ವ್ಯಕ್ತವಾಗಿವೆ. ಒಂದೇ ಸಂಘಕ್ಕೆ ಸೇರಿದ ಮಂಗಳೂರಿನ ಪ್ರಾರ್ಥನಾಲಯ ಮತ್ತು ದೇಶನೂರಿನ ಮಠ, ಭಕ್ತಿಯ ಸಂಕೇತಗಳು ಎಲ್ಲಿಂದ ಬರಬೇಕೆಂಬ ಪ್ರಶ್ನೆಗೆ ಎರಡು ಕಾಲಗಳು ನೀಡಿದ ಎರಡು ಉತ್ತರಗಳಾಗಿವೆ.

ಸಂರಕ್ಷಣೆ

ಕರಾವಳಿಯ ತೇವ, ಮಳೆನೀರಿನ ಸೋರಿಕೆ ಮತ್ತು ಗಾರೆಯಲ್ಲಿ ಸೇರುವ ಲವಣಗಳು ಭಿತ್ತಿಚಿತ್ರಗಳಿಗೆ ಹಾನಿಕರ. ಲವಣಗಳು ಹರಳುಗಟ್ಟುವಾಗ ಬಣ್ಣದ ಪದರವು ಸಡಿಲಗೊಂಡು ಉದುರುತ್ತದೆ. ಪ್ರಾರ್ಥನಾಲಯದ ಚಿತ್ರಗಳನ್ನು 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರ ನೆರವಿನಿಂದ ಶುಚಿಗೊಳಿಸಿ ಸಂರಕ್ಷಿಸಲಾಯಿತು.

ಕಾಲೇಜು ಈಗ ಪರಿಗಣಿತ ವಿಶ್ವವಿದ್ಯಾಲಯವಾಗಿದೆ. ಪ್ರಾರ್ಥನಾಲಯವು ಇಂದಿಗೂ ಪೂಜೆ ನಡೆಯುವ ಸ್ಥಳವಾಗಿದ್ದು, ಎಲ್ಲ ಧರ್ಮಗಳ ವಿದ್ಯಾರ್ಥಿಗಳೂ ಪ್ರವಾಸಿಗರೂ ಅದನ್ನು ಸಂದರ್ಶಿಸುತ್ತಾರೆ.